ಇಬ್ಬರೂ ಬನ್ನಿರಿ: ಆಪ್ತಸಮಾಲೋಚಕಿಯೊಬ್ಬಳ ಒಂದು ವರ್ಷ

(ಗ್ರಾಮೀಣ ದಂಪತಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣ)



ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಆಪ್ತಸಮಾಲೋಚಕಿಯಾಗಿ ನಾನು ಕೆಲಸ ಮಾಡಲಾರಂಭಿಸಿ ಒಂದು ವರ್ಷ ತುಂಬಿತು. ಈ ಅವಧಿಯಲ್ಲಿ ತಮ್ಮಿಂದ ನಾನು ಕಲಿತುದನ್ನು ತಮ್ಮ ಮುಂದೆಯೇ ಹೇಳಬೇಕೆಂದು ಬಂದಿದ್ದೇನೆ. ಅದರಲ್ಲಿ ನನ್ನ ತಪ್ಪುಗಳೂ ಸೇರಿವೆ.

ಆಪ್ತಸಮಾಲೋಚನೆ ಎಂದರೇನೆಂದು ಅನೇಕರು ಕೇಳುತ್ತಾರೆ. ಔಷಧಿ ಬರೆದುಕೊಡುವುದು ವೈದ್ಯರ ಕೆಲಸ. ಮನಸ್ಸಿನ ಭಾರವನ್ನು ಕೇಳಿಸಿಕೊಂಡು, ಅದನ್ನು ಇಳಿಸುವ ದಾರಿಯನ್ನು ಜೊತೆಯಲ್ಲಿ ಕುಳಿತು ಹುಡುಕುವುದು ನನ್ನ ಕೆಲಸ. ನಮ್ಮ ರಾಜ್ಯಕ್ಕೆ ಇದು ಹೊಸದೇನೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1970ರ ದಶಕದಲ್ಲಿಯೇ ಸಕಲವಾರ ಗ್ರಾಮದಲ್ಲಿ ಮಾನಸಿಕ ಆರೋಗ್ಯ ಕೇಂದ್ರವನ್ನು ತೆರೆಯಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಹಳ್ಳಿಯಲ್ಲಿಯೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. ಬಳ್ಳಾರಿಯ ಆ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಇಷ್ಟನ್ನೆಲ್ಲ ಪುಸ್ತಕದಲ್ಲಿ ಓದಿಕೊಂಡು ಬಂದವಳು ನಾನು. ಆದರೆ ಇಲ್ಲಿ ಯಾರೊಬ್ಬರೂ ನನ್ನ ಮುಂದೆ ಬಂದು "ನನ್ನ ಮನಸ್ಸಿಗೆ ಬೇಸರವಾಗಿದೆ" ಎನ್ನಲಿಲ್ಲ. ತಲೆ ಉರಿ, ಎದೆ ಭಾರ, ಕೈಕಾಲು ಸೆಳೆತ, ಹೊಟ್ಟೆಯಲ್ಲಿ ಸಂಕಟ ಎಂದರು. ಪಾವಗಡದ ಕಡೆಯ ತಾಯಂದಿರು ಅದನ್ನೇ ಅರ್ಧ ತೆಲುಗಿನಲ್ಲಿ ಹೇಳಿದರು. ಮೊದಲ ಮೂರು ತಿಂಗಳು ನಾನು ಅವರಿಗೆ "ಇದು ದೇಹದ ಕಾಯಿಲೆಯಲ್ಲ, ಮನಸ್ಸಿನದು" ಎಂದು ತಿಳಿಯಹೇಳಲು ಶ್ರಮಿಸಿದೆ. ವೃಥಾ ಶ್ರಮ! ಎದೆ ನಿಜವಾಗಿಯೂ ಭಾರವಾಗಿರುವವರಿಗೆ ಭಾರವಿಲ್ಲವೆಂದು ಹೇಳಿದಂತಾಯಿತು. ಆಮೇಲೆ "ಎದೆ ಯಾವಾಗ ಹೆಚ್ಚು ಭಾರವಾಗುತ್ತದಮ್ಮಾ?" ಎಂದು ಕೇಳಲು ಕಲಿತೆ. "ಅವರು ಮನೆಗೆ ಬರುವ ಹೊತ್ತಿಗೆ" ಎಂದು ಒಬ್ಬಾಕೆ ಉತ್ತರಿಸಿದಳು. ಅಲ್ಲಿಂದ ಮಾತು ತಾನಾಗಿಯೇ ಬೆಳೆಯಿತು.

ಈಗ ನನ್ನ ದೊಡ್ಡ ತಪ್ಪಿನ ವಿಷಯ. ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಯಿಂದ ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಿಲ್ಲದ ಹೆಣ್ಣುಮಗಳೊಬ್ಬಳು ಬರುತ್ತಿದ್ದಳು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಹೇಳುತ್ತಿದ್ದೇನೆ. ನಿದ್ರೆಯಿಲ್ಲ, ಊಟ ಸೇರದು. ನಾಮಕರಣಕ್ಕೆ, ಸೀಮಂತಕ್ಕೆ ಕರೆಯುವವರಿಲ್ಲ. ಕರೆದರೂ ಹಿಂದಿನ ಸಾಲಿನಲ್ಲಿ ಕೂರಬೇಕು. ಹರಕೆ, ಉಪವಾಸ, ನಾಟಿ ಔಷಧಿ, ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲವೂ ಆಕೆಗೇ ಆಗಿದ್ದವು. ನಾನು ಐದು ಬಾರಿ ಆಕೆಯನ್ನು ಕೂರಿಸಿಕೊಂಡು ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ, ಧೈರ್ಯ ತುಂಬಿದೆ. ಆರನೆಯ ಬಾರಿ ಆಕೆ ಬರಲಿಲ್ಲ.

ಎರಡು ತಿಂಗಳ ನಂತರ ಆ ಊರಿನ ಆಶಾ ಕಾರ್ಯಕರ್ತೆಯಿಂದ ವಿಷಯ ತಿಳಿಯಿತು. "ಮೇಡಂ, ಅವಳು ನಿಮ್ಮ ಹತ್ತಿರ ಬಂದು ಹೋಗುವುದೇ ಮನೆಯವರಿಗೆ ಸಾಕ್ಷಿಯಾಯಿತು. ದೋಷ ಅವಳಲ್ಲೇ ಇದೆ, ಅದಕ್ಕೇ ಆಸ್ಪತ್ರೆಗೆ ಅಲೆಯುತ್ತಾಳೆ ಎನ್ನುತ್ತಿದ್ದಾರೆ." ಈ ಮಾತು ಕೇಳಿ ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ. ಆಕೆಯ ಪತಿ ಎಲ್ಲಿ, ಆತನಿಗೆ ಪರೀಕ್ಷೆಯಾಗಿದೆಯೆ ಎಂದು ಐದು ಭೇಟಿಗಳಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ.

ಬಂಧುಗಳೇ, ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ ಪುರುಷನ ಕಡೆಯ ಕಾರಣವೂ ಇರುತ್ತದೆ. ಪುರುಷನಿಗೆ ಮಾಡುವ ಮೊದಲ ಪರೀಕ್ಷೆಯಾದ ವೀರ್ಯಪರೀಕ್ಷೆಯಲ್ಲಿ ಸೂಜಿಯಿಲ್ಲ, ನೋವಿಲ್ಲ, ಖರ್ಚೂ ಅಲ್ಪ. ಒಂದು ವರ್ಷ ಒಟ್ಟಿಗೆ ಬಾಳಿಯೂ ಗರ್ಭ ನಿಲ್ಲದಿದ್ದರೆ ಇಬ್ಬರೂ ಒಟ್ಟಿಗೆ ಪರೀಕ್ಷಿಸಿಕೊಳ್ಳುವುದು ಯುಕ್ತ. ಹೊಗೆಸೊಪ್ಪು ಮತ್ತು ಮದ್ಯಪಾನಗಳು ಪುರುಷನ ಸಂತಾನಶಕ್ತಿಯನ್ನು ಕುಗ್ಗಿಸಬಲ್ಲವೆಂಬುದನ್ನೂ ತಾವು ತಿಳಿದಿರಬೇಕು.

ಕಡಲೆಕಾಯಿ ಕಟಾವು ಮುಗಿದ ಮೇಲೆ ಆತನನ್ನು ಕಂಡೆ. ಒರಟನಿರಬಹುದೆಂದು ಭಾವಿಸಿದ್ದೆ. ಆತನಾದರೋ ಬಹಳ ಹೊತ್ತು ನೆಲ ನೋಡುತ್ತ ಕುಳಿತಿದ್ದು, "ನನ್ನದೇ ತಪ್ಪು ಅಂತ ಬಂದರೆ ಊರಲ್ಲಿ ಹೇಗೆ ತಲೆ ಎತ್ತಲಿ ಮೇಡಂ?" ಎಂದನು. ನಾಲ್ಕು ವರ್ಷ ಆ ಭಯವನ್ನು ಹೆಂಡತಿಗೂ ಹೇಳದೆ ಇಟ್ಟುಕೊಂಡಿದ್ದನು. ಪರೀಕ್ಷೆಯಲ್ಲಿ ವೀರ್ಯಾಣುಗಳ ಸಂಖ್ಯೆ ಕಡಿಮೆಯೆಂದು ಕಂಡುಬಂದಿತು. ಚಿಕಿತ್ಸೆ ತುಮಕೂರಿನಲ್ಲಿ ನಡೆದಿದೆ. ಮಗುವಾಗುವುದೆಂದು ನಾನು ಆಶ್ವಾಸನೆ ಕೊಡಲಾರೆ, ವೈದ್ಯರೂ ಕೊಟ್ಟಿಲ್ಲ. ಆದರೆ ಆತನು ತನ್ನ ತಾಯಿಯ ಮುಂದೆ ನಿಂತು, "ಅವ್ವಾ, ಅವಳನ್ನ ಅನ್ನಬೇಡ, ಔಷಧಿ ತಗೊಳ್ತಿರೋನು ನಾನು" ಎಂದನಂತೆ. ಅಂದಿನಿಂದ ಆಕೆಗೆ ನಿದ್ರೆ ಬರುತ್ತಿದೆ. ನಾನು ಹೇಳಿಕೊಟ್ಟ ಉಸಿರಾಟ ಮಾಡದಿದ್ದ ಕೆಲಸವನ್ನು ಆ ಒಂದು ಮಾತು ಮಾಡಿತು.

ಅಂದಿನಿಂದ, ಪತಿಯಿಂದ ಹಿಂಸೆಗೆ ಒಳಗಾದವರನ್ನು ಬಿಟ್ಟು, ಉಳಿದವರಿಗೆಲ್ಲ "ಮುಂದಿನ ಸಲ ಇಬ್ಬರೂ ಬನ್ನಿರಿ" ಎನ್ನುತ್ತೇನೆ. ಹೊಡೆತ ತಿನ್ನುವ ಮನೆಯಲ್ಲಿ ಮೊದಲು ರಕ್ಷಣೆ, ಆಮೇಲೆ ಸಮಾಲೋಚನೆ.

ಬಾಣಂತಿಯರ ವಿಷಯವನ್ನೂ ಹೇಳಬೇಕು. ನಮ್ಮ ದೇಶದ ಅಧ್ಯಯನಗಳಂತೆ ಹೆರಿಗೆಯಾದ ಐವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಕಾಡುತ್ತದೆ. ಕೂಸು ಮಲಗಿದ್ದರೂ ತಾಯಿಗೆ ನಿದ್ರೆಯಿಲ್ಲದಿರುವುದು, ಕಾರಣವಿಲ್ಲದೆ ಅಳು, ಕೂಸಿನ ಮೇಲೆ ಅಕ್ಕರೆ ಹುಟ್ಟದಿರುವುದು ಎರಡು ವಾರ ಮೀರಿದರೆ ಅದನ್ನು ಸೋಮಾರಿತನವೆಂದು ಬಗೆಯದೆ ಆಸ್ಪತ್ರೆಗೆ ಕರೆತನ್ನಿರಿ. ಇಲ್ಲದ ಧ್ವನಿ ಕೇಳಿಸಿದರೆ, ಕೂಸಿಗೋ ತನಗೋ ಹಾನಿ ಮಾಡಿಕೊಳ್ಳುವ ಮಾತಾಡಿದರೆ ಒಂದು ದಿನವೂ ತಡೆಯಬಾರದು. ಜನರು ಬಾಣಂತಿ ಸನ್ನಿ ಎನ್ನುವ ಈ ಸ್ಥಿತಿಗೆ ಒಳ್ಳೆಯ ಚಿಕಿತ್ಸೆಯಿದೆ. ಕೊರಟಗೆರೆಯ ಕಡೆ ಇದನ್ನು ಮೊದಲು ಗುರುತಿಸಿದವನು ಒಬ್ಬ ತರುಣ ಪತಿ. ಬಾಣಂತಿಯ ಕೋಣೆಗೆ ಗಂಡಸು ಹೋಗಬಾರದೆಂದು ಹಿರಿಯರು ತಡೆದರೂ ಅವನು ದಿನವೂ ಹೊಸ್ತಿಲಲ್ಲಿ ಕುಳಿತು ಹೆಂಡತಿಯನ್ನು ಮಾತನಾಡಿಸುತ್ತಿದ್ದನು. ಹಾಗಾಗಿ ಅವಳ ಮಾತು ಬದಲಾದುದು ಅವನಿಗೆ ತಿಳಿಯಿತು.

ಪಾವಗಡದ ಮಾತೇ ಬೇರೆ. ಮಳೆ ಕೈಕೊಟ್ಟ ವರ್ಷ ಗಂಡಸರು ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ. ಮನೆ, ಮಕ್ಕಳು, ಸಾಲ ಹೆಂಗಸಿನ ತಲೆಯ ಮೇಲೆ. ಅಲ್ಲಿ ಇಬ್ಬರೂ ಬನ್ನಿರೆಂದರೆ ಯಾರು ಬರಬೇಕು? ದೂರವಾಣಿಯಲ್ಲಿಯೇ ಪತಿಯನ್ನು ಕೂರಿಸಿಕೊಂಡು ಮಾತನಾಡಿದ್ದುಂಟು. ಸಾಲದಿಂದ ನೊಂದವರಿಗೆ ಸಾಯುವ ಯೋಚನೆ ಬರುತ್ತಿದೆಯೆ ಎಂದು ನೇರವಾಗಿ ಕೇಳಲು ನಾನು ಮೊದಮೊದಲು ಅಂಜುತ್ತಿದ್ದೆ. ಕೇಳಿದರೆ ಆ ಯೋಚನೆ ಹುಟ್ಟೀತೆಂಬುದು ಸುಳ್ಳು. ಕೇಳುವವರಿದ್ದಾರೆಂದು ತಿಳಿದರೆ ಜೀವ ಹಗುರಾಗುತ್ತದೆ. ಆ ಮನೆಯಲ್ಲಿ ಕ್ರಿಮಿನಾಶಕದ ಡಬ್ಬಿಯನ್ನು ಬೀಗದಲ್ಲಿಡಿಸಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮಕ್ಕಳು ಸಾಕೆಂದಾಗಲೂ ಭಾರವೆಲ್ಲ ಹೆಣ್ಣಿನದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರೆ, ಪುರುಷರ ಪಾಲು ನೂರಕ್ಕೆ ಒಂದೂ ಇಲ್ಲ. ಹೊಲಿಗೆಯಿಲ್ಲದ ಎನ್.ಎಸ್.ವಿ. ಚಿಕಿತ್ಸೆ ಕೆಲವೇ ನಿಮಿಷಗಳದು. ಅದೇ ದಿನ ಮನೆಗೆ ಮರಳಬಹುದು. ದುಡಿಮೆಯ ಶಕ್ತಿಯಾಗಲಿ ದಾಂಪತ್ಯಸುಖವಾಗಲಿ ಕುಂದದು. ಮೂರು ತಿಂಗಳು ನಿರೋಧ್ ಬಳಸಿ, ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಶಿರಾದ ಸಭೆಯೊಂದರಲ್ಲಿ ಇದನ್ನು ಹೇಳಿದಾಗ ಗಂಡಸರೆಲ್ಲ ನಕ್ಕರು. ಸಭೆ ಮುಗಿದ ಮೇಲೆ ಇಬ್ಬರು ಮರದ ಮರೆಗೆ ಬಂದು ವಿವರ ಕೇಳಿಕೊಂಡು ಹೋದರು.

ನನ್ನ ಮನೆಯ ಮಾತನ್ನೂ ಮುಚ್ಚಿಡಲಾರೆ. ಬಸ್ಸಿಳಿದು ರಾತ್ರಿ ಮನೆ ಸೇರಿದಾಗ ನನಗೆ ಯಾರ ಮಾತೂ ಬೇಡವಾಗಿರುತ್ತಿತ್ತು. ಒಮ್ಮೆ ನನ್ನ ಯಜಮಾನರು, "ಊರಿನವರ ಮಾತನ್ನೆಲ್ಲ ಕೇಳಿ ಬರುತ್ತೀಯೆ, ನನ್ನ ಮಾತಿಗೆ ಹೂಂ ಎನ್ನಲೂ ನಿನ್ನಲ್ಲಿ ಉಳಿದಿರುವುದಿಲ್ಲವಲ್ಲ" ಎಂದರು. ಮೊದಲು ಕೋಪ ಬಂದಿತು. ಬಳಿಕ ತಾಲ್ಲೂಕು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತ ಎಷ್ಟೋ ಹೆಣ್ಣುಮಕ್ಕಳು ತಮ್ಮ ಗಂಡಂದಿರ ಬಗ್ಗೆ ಇದೇ ದೂರನ್ನು ಹೇಳಿದ್ದು ನೆನಪಾಯಿತು. ಈಗ ಊಟವಾದ ಮೇಲೆ ನಾವಿಬ್ಬರೂ ಕಾಲು ಗಂಟೆ ಜಗಲಿಯಲ್ಲಿ ಕೂರುತ್ತೇವೆ. ಕೆಲವು ದಿನ ಮಾತೇ ಇರುವುದಿಲ್ಲ; ಆದರೂ ಕೂರುತ್ತೇವೆ.

ಕಳೆದ ತಿಂಗಳು ಆ ಮಧುಗಿರಿಯ ದಂಪತಿಗಳು ಬಂದಿದ್ದರು. ಆಕೆ ಒಂದು ಸೇರು ಹಸಿ ಕಡಲೆಕಾಯಿಯನ್ನು ಮೇಜಿನ ಮೇಲಿಟ್ಟಳು. ಆತನು ಚೀಟಿ ಮಾಡಿಸಲು ಸಾಲಿನಲ್ಲಿ ನಿಂತಿದ್ದನು. ಚೀಟಿ ಯಾರ ಹೆಸರಿಗೆ ಎಂದು ಗುಮಾಸ್ತೆ ಕೇಳಿದಾಗ, "ಇಬ್ಬರದೂ ಬರೀರಿ" ಎಂದುದು ಒಳಗಿದ್ದ ನನಗೂ ಕೇಳಿಸಿತು.