ಮಾತಿಲ್ಲದ ವಾದ್ಯದಲ್ಲಿ ವಿಶ್ವಾಸದ ಮಾತು



ಪ್ರಭು ಯೇಸು ನಮಗಾಗಿ ಶಿಲುಬೆಗೇರಿ, ಯಾತನೆಪಟ್ಟು, ಸಮಾಧಿಯಾದರೆಂದು ನಾವು ವಿಶ್ವಾಸ ಸಂಗ್ರಹದಲ್ಲಿ ಸಾರುತ್ತೇವೆ. ಈ ಒಂದು ವಾಕ್ಯವನ್ನೇ ಅಂತೋನಿಯೊ ಲೊತ್ತಿಯವರು ಎಂಟು ಧ್ವನಿಗಳ ‘ಕ್ರುಚಿಫಿಕ್ಸುಸ್’ ಆಗಿ ಸಂಯೋಜಿಸಿದರು. ವೆನಿಸ್ ನಗರದ ಸಂತ ಮಾರ್ಕರ ದೇವಾಲಯದಲ್ಲಿ 1736ರಿಂದ ಸಂಗೀತಾಧಿಪತಿಯಾಗಿದ್ದು, 1740ರಲ್ಲಿ ಅವರು ನಿಧನರಾದರು. ಬರೋಕ್ ಯುಗದ ಈ ಕೃತಿಯಲ್ಲಿ ತಗ್ಗಿನ ಧ್ವನಿ ಮೊದಲು ಏಳುತ್ತದೆ. ಅದರ ಮೇಲೆ ಉಳಿದವು ಒಂದೊಂದಾಗಿ ಬಂದು ಸೇರುತ್ತವೆ. ಸ್ವರಕ್ಕೆ ಸ್ವರ ತಾಕಿ ನೋಯುತ್ತದೆ, ಬಳಿಕ ಶಮನಗೊಳ್ಳುತ್ತದೆ. ಆ ನೋವೇ ಕೃತಿಯ ಜೀವಾಳ.

ಇದನ್ನು ಎಂಟು ಫ್ರೆಂಚ್ ಹಾರ್ನ್‌ಗಳಿಗೆ ಅಳವಡಿಸುವುದು ಹೇಗೆ? ಲೊತ್ತಿಯವರ ಕಾಲದ ಹಾರ್ನ್, ನಮ್ಮ ಕೊಂಬಿನಂತೆ, ಕೆಲವೇ ಸಹಜ ಸ್ವರಗಳನ್ನು ನುಡಿಯುತ್ತಿತ್ತು. 1818ರಲ್ಲಿ ಬರ್ಲಿನ್‌ನಲ್ಲಿ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಪೇಟೆಂಟ್ ಪಡೆದ ವಾಲ್ವ್‌ನಂತಹ ಸಾಧನಗಳಿಂದ ಎಲ್ಲ ಸ್ವರಗಳೂ ಸುಲಭವಾಗಿ ದೊರೆತವು. ಇಂದಿನ ಎಫ್ ಹಾರ್ನ್ ಬರೆದ ಸ್ವರಕ್ಕಿಂತ ಷಡ್ಜ-ಪಂಚಮದಷ್ಟು ಕೆಳಗೆ ನುಡಿಯುವುದರಿಂದ, ಪ್ರತಿಯೊಂದು ಸಾಲನ್ನೂ ಅಷ್ಟು ಮೇಲಕ್ಕೆ ಬರೆಯಬೇಕು. ಸೊಪ್ರಾನೋ ಸಾಲಿನ ಎತ್ತರದಲ್ಲಿ ಬಹಳ ಹೊತ್ತು ನಿಂತರೆ ವಾದಕರ ತುಟಿ ದಣಿಯುತ್ತದೆ. ಇಡೀ ಕೃತಿಯನ್ನು ಬಹಳ ಇಳಿಸಿದರೆ ತಗ್ಗಿನ ಧ್ವನಿಗಳು ಕಲಸಿಹೋಗುತ್ತವೆ. ಆದ್ದರಿಂದ ಮಿತವಾಗಿ ಇಳಿಸಿ, ಮೇಲಿನ ಸಾಲನ್ನು ಇಬ್ಬರಿಗೆ ಹಂಚುವುದು ಲೇಸು. ಎಂಟು ವಾದ್ಯಗಳ ನಾದವೂ ಒಂದೇ ಬಗೆಯದಾದುದರಿಂದ, ಹೊಸದಾಗಿ ಪ್ರವೇಶಿಸುವ ಧ್ವನಿ ತುಸು ಎದ್ದು ನಿಂತು, ಅನಂತರ ಹಿಂದೆ ಸರಿಯಬೇಕು.

ಇವೆಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಹಾರ್ನ್‌ಗೆ ಮಾತಿಲ್ಲ. ಪದಗಳು ಹೋದ ಮೇಲೆ ಉಳಿಯುವುದೇನು? ಪ್ರತಿಯೊಬ್ಬ ವಾದಕನ ಹಾಳೆಯಲ್ಲಿ ಸ್ವರಗಳ ಕೆಳಗೆ ಲತೀನ್ ಪದಗಳನ್ನು ಬರೆಯೋಣ. ಪದ ಮುಗಿದೆಡೆ ಉಸಿರು, ಒತ್ತಕ್ಷರದಲ್ಲಿ ಒತ್ತು. ಹೀಗೆ ಮಾಡಿದರೆ ಅರ್ಥ ಕಿವಿಗೆ ಕೇಳದಿದ್ದರೂ ಅದರ ನಡಿಗೆ ಉಳಿಯುತ್ತದೆ.

ತಿರುಸಭೆಯ ವಿವೇಕವೂ ಇದೇ. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಪೈಪ್ ಆರ್ಗನ್ನಿಗೆ ವಿಶೇಷ ಗೌರವ ನೀಡಿತು. ಪವಿತ್ರ ಬಳಕೆಗೆ ಒಪ್ಪುವ ಇತರ ವಾದ್ಯಗಳಿಗೂ, ಅಧಿಕಾರಿಗಳ ಸಮ್ಮತಿಯೊಡನೆ, ಬಾಗಿಲು ತೆರೆಯಿತು. ಆದರೆ ತಪಸ್ಸುಕಾಲದಲ್ಲಿ, ಕೆಲವು ಹಬ್ಬದ ದಿನಗಳನ್ನುಳಿದು, ವಾದ್ಯಗಳು ಗಾಯನಕ್ಕೆ ಆಸರೆಯಾಗಿ ಮಾತ್ರ ನುಡಿಯಬೇಕೆಂಬುದು ನಿಯಮ. ಶಿಲುಬೆಯ ಯಾತನೆಯನ್ನೇ ವರ್ಣಿಸುವ ಈ ಕೃತಿಯನ್ನು ಆ ಕಾಲದ ಆರಾಧನೆಯಲ್ಲಿ ಹಾರ್ನ್‌ಗಳು ತಾವಾಗಿಯೇ ನುಡಿಸುವಂತಿಲ್ಲ! ಮೇಲ್ನೋಟಕ್ಕೆ ವಿಚಿತ್ರವೆನಿಸಿದರೂ ಇದರಲ್ಲಿ ನ್ಯಾಯವಿದೆ. ಅರಿಕೆಮಾಡುವ ನಾಲಗೆಯ ಸ್ಥಾನವನ್ನು ಲೋಹ ತುಂಬಲಾರದು.

ಹಾಗಾದರೆ ಇಂತಹ ಅಳವಡಿಕೆಯನ್ನು ಆರಾಧನೆಯ ಹೊರಗೆ, ಸಂಗೀತ ಸಭೆಯಲ್ಲಿ ಕೇಳೋಣ. ಆರಾಧನೆಯಲ್ಲಿಯಾದರೋ ಅದೇ ಸಾಲುಗಳಿಂದ ಗಾನವೃಂದಕ್ಕೆ ಹೆಗಲು ಕೊಡೋಣ. ನಾದವು ವಾಕ್ಯದ ಸೇವಕನಾಗಲಿ. ಪ್ರಭುವಿಗೆ ಸ್ತುತಿ ಸಲ್ಲಲಿ.