ಚಂದ್ರಮತಿಗೆ ಸಿಗದ ರಜೆ

(ಮಹಿಳಾ ವೇದಿಕೆಯ ಸಾಹಿತ್ಯ ಸಂಜೆಯಲ್ಲಿ ಆಡಿದ ಮಾತುಗಳ ಬರಹ ರೂಪ)



‘ನಮ್ಮ ಹಳೆಯ ಕಾವ್ಯಗಳಲ್ಲಿ ದುಃಖ’ ಎಂಬ ವಿಷಯದ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ಕಾರ್ಯದರ್ಶಿಯವರು ಹೇಳಿದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡುಬಿಟ್ಟೆ. ನಾನು ಪಂಡಿತೆಯಲ್ಲ. ಬಿ.ಎ.ಯಲ್ಲಿ ಕನ್ನಡ ಓದಿ, ಮದುವೆಯಾಗಿ ಡೊಂಬಿವಲಿಗೆ ಬಂದವಳು. ಕಾಲೇಜಿನಲ್ಲಿ ಪಾಠಕ್ಕಿದ್ದ ರನ್ನ, ರಾಘವಾಂಕರನ್ನೇ ಅಟ್ಟದಿಂದ ಇಳಿಸಿ, ಧೂಳು ಕೊಡವಿ ಮತ್ತೆ ಓದಿದೆ. ಆಗ ಪರೀಕ್ಷೆಗೆಂದು ಓದಿದ್ದೆ. ಈಗ ಓದಿದಾಗ ಬೇರೆಯೇ ಏನೋ ಕಾಣಿಸಿತು.

ಮೊದಲು ರನ್ನ. ಮುಧೋಳದ ಬಳೆಗಾರರ ಮನೆಯ ಹುಡುಗ, 10ನೇ ಶತಮಾನದವನು. ಅವನ ‘ಗದಾಯುದ್ಧ’ದಲ್ಲಿ ದುರ್ಯೋಧನ ಶರಶಯ್ಯೆಯಲ್ಲಿರುವ ಭೀಷ್ಮರನ್ನು ಕಾಣಲು ಹೊರಡುತ್ತಾನೆ. ಜೊತೆಗೆ ಸಂಜಯ ಒಬ್ಬನೇ. ದಾರಿ ಇರುವುದು ಹೆಣಗಳ ನಡುವೆ. ದ್ರೋಣರ ದೇಹ ಕಾಣುತ್ತದೆ, ನಿಲ್ಲುತ್ತಾನೆ. ಅಭಿಮನ್ಯುವಿನ ದೇಹ ಕಾಣುತ್ತದೆ. ಶತ್ರುವಿನ ಮಗ, ಅದೂ ತನ್ನ ಕಡೆಯವರೇ ಸುತ್ತುಗಟ್ಟಿ ಕೊಂದ ಹುಡುಗ. ಅವನಿಗೆ ಕೈಮುಗಿದು, ಇಂಥ ಸಾಹಸದ ಸಾವಿನಲ್ಲಿ ಒಂದು ಪಾಲಾದರೂ ತನಗೆ ಸಿಗಲಿ ಎನ್ನುತ್ತಾನೆ. ಮುಂದೆ ಸ್ವಂತ ಮಗ ಲಕ್ಷಣಕುಮಾರ. ತಂದೆಗೆ ಮಗ ಎಳ್ಳುನೀರು ಬಿಡಬೇಕಾದ ಕಡೆ ಮಗನಿಗೆ ತಂದೆ ಬಿಡುವಂತಾಯಿತಲ್ಲ ಎಂಬ ಸಂಕಟ. ಆಮೇಲೆ ದುಶ್ಶಾಸನ. ತಾಯಿಯ ಹಾಲಿನಿಂದ ಹಿಡಿದು ಎಲ್ಲದರಲ್ಲೂ ಅಣ್ಣನಾದ ತನ್ನದು ಮೊದಲು, ತಮ್ಮನದು ಆಮೇಲೆ, ಸಾವಿನಲ್ಲಿ ಮಾತ್ರ ಆ ಕ್ರಮ ತಪ್ಪಿತು ಎಂದು ಅಳುತ್ತಾನೆ. ಮನೆಯಲ್ಲಿ ಅಣ್ಣತಮ್ಮಂದಿರಿರುವವರು ಈ ಮಾತನ್ನು ಒಮ್ಮೆ ನೆನೆಸಿಕೊಳ್ಳಿ. ಕೊನೆಗೆ ಕರ್ಣ. ಅಲ್ಲಂತೂ ಅವನಿಗೆ ಕಾಲೇ ಕೀಳದು.

ದುರ್ಯೋಧನ ಕೆಟ್ಟವನು ಎಂದು ಕೇಳಿಕೊಂಡೇ ಬೆಳೆದವರು ನಾವು. ಆದರೆ ಒಬ್ಬೊಬ್ಬರ ಮುಂದೂ ನಿಂತು, ಒಬ್ಬೊಬ್ಬರಿಗೂ ಬೇರೆ ಬೇರೆ ಮಾತಿನಲ್ಲಿ ಅಳುವ ಈ ಗಂಡಸನ್ನು ಕಂಡು ನನಗೆ ಮರ್ಯಾದೆ ಹುಟ್ಟಿತು. ನಮ್ಮ ಮನೆಗಳಲ್ಲಿ ಗಂಡಸರು ಹೀಗೆ ಅಳುವುದನ್ನು ನಾನು ನೋಡಿಲ್ಲ.

ಇದೇ ರನ್ನನಿಂದ 993ರಲ್ಲಿ ‘ಅಜಿತಪುರಾಣ’ ಬರೆಸಿದವಳು ಅತ್ತಿಮಬ್ಬೆ. ಅವಳ ಗಂಡ ನಾಗದೇವ ಯುದ್ಧದಲ್ಲಿ ತೀರಿಕೊಂಡ. ಅವನನ್ನೇ ಮದುವೆಯಾಗಿದ್ದ ತಂಗಿ ಗುಂಡಮಬ್ಬೆ ಚಿತೆಯೇರಿದಳು. ಅತ್ತಿಮಬ್ಬೆ ಮಗನಿಗಾಗಿ ಉಳಿದಳು. ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಸಿ ಹಂಚಿದಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ಗಂಡನನ್ನೂ ತಂಗಿಯನ್ನೂ ಕಳೆದುಕೊಂಡ ಹೆಂಗಸು. ಅವಳ ಬಗ್ಗೆಯೇ ಒಂದು ಸಂಜೆ ಮಾತಾಡಬಹುದು, ಇವತ್ತು ಬೇಡ.

ಈಗ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’. ಕಾಶಿಯಲ್ಲಿ ಚಂದ್ರಮತಿಯೂ ಮಗ ಲೋಹಿತಾಶ್ವನೂ ಒಬ್ಬ ಬ್ರಾಹ್ಮಣನ ಮನೆಗೆ ಮಾರಾಟವಾಗಿದ್ದಾರೆ. ಹುಡುಗ ಕಾಡಿಗೆ ಹೋದವನು ಹಾವು ಕಚ್ಚಿ ಸಾಯುತ್ತಾನೆ. ಇತ್ತ ತಾಯಿ, ಇನ್ನೂ ಏಕೆ ಬರಲಿಲ್ಲ ಎಂದು ದಾರಿ ನೋಡುತ್ತಿದ್ದಾಳೆ. ಸುದ್ದಿ ಬರುತ್ತದೆ. ಓಡಿಹೋಗುವಂತಿಲ್ಲ, ಒಡೆಯನ ಅಪ್ಪಣೆ ಬೇಕು. ಅವನು ಮನೆಗೆಲಸ ಮುಗಿಸಿ ಹೋಗು ಎನ್ನುತ್ತಾನೆ. ಅವಳು ಮುಗಿಸುತ್ತಾಳೆ. ಮುಗಿಸಿ, ಕತ್ತಲಲ್ಲಿ ಒಬ್ಬಳೇ ಹೆಣ ಹುಡುಕಿಕೊಂಡು ಹೋಗುತ್ತಾಳೆ. ನಮ್ಮ ‘ಗೋವಿನ ಹಾಡಿ’ನ ಹುಲಿಯೂ ಪುಣ್ಯಕೋಟಿಗೆ ಕರುವಿನ ಬಳಿ ಹೋಗಿಬರಲು ಬಿಡುವು ಕೊಟ್ಟಿತ್ತಲ್ಲ!

ಸುಡುಗಾಡಿನಲ್ಲೂ ಅವಳು ನೆಮ್ಮದಿಯಾಗಿ ಅಳುವಂತಿಲ್ಲ. ಕಾವಲಿಗಿದ್ದ ಗಂಡನೇ ತೆರಿಗೆ ಕೇಳುತ್ತಾನೆ. ಸತ್ತವನು ತನ್ನ ಮಗ ಎಂದು ತಿಳಿದ ಮೇಲೂ ಬಿಡುವುದಿಲ್ಲ. ಅದನ್ನು ಸತ್ಯನಿಷ್ಠೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೇನೆ. ಈಗ ಆ ಸತ್ಯದ ಖರ್ಚನ್ನೆಲ್ಲ ಚಂದ್ರಮತಿಯೇ ಕೊಟ್ಟಳು ಅನ್ನಿಸುತ್ತದೆ. ದುರ್ಯೋಧನನಿಗೆ ಸರ್ವಸ್ವವೂ ಹೋಗಿತ್ತು, ಆದರೂ ಅವನು ರಾಜ. ಹೆಣಗಳ ಮುಂದೆ ಬೇಕಾದಷ್ಟು ಹೊತ್ತು ನಿಲ್ಲಬಲ್ಲ. ಹಿಂದೆ ರಾಣಿಯಾಗಿದ್ದ ಚಂದ್ರಮತಿಗೆ ಆ ಹೊತ್ತೂ ಇಲ್ಲ.

1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ಪಂಡರೀಬಾಯಿಯವರನ್ನು ನೋಡಿ ಎಷ್ಟು ಸಲ ಅತ್ತಿದ್ದೇನೋ ಲೆಕ್ಕವಿಲ್ಲ. ಒಡೆಯನನ್ನು ಬೈದಿದ್ದೇನೆ ಕೂಡ. ಈ ಸಲ ಆ ಜಾಗಕ್ಕೆ ಬಂದಾಗ ಪುಸ್ತಕ ಮುಚ್ಚಿಟ್ಟೆ. ಹೇಳಲೋ ಬೇಡವೋ ಎಂದು ನಿನ್ನೆ ರಾತ್ರಿಯವರೆಗೂ ಯೋಚಿಸಿದೆ. ಹೇಳಿಬಿಡುತ್ತೇನೆ.

ನಮ್ಮ ಮನೆಗೆ ಹನ್ನೊಂದು ವರ್ಷದಿಂದ ಕೆಲಸಕ್ಕೆ ಬರುವ ಬಾಯಿ ಒಬ್ಬಳಿದ್ದಾಳೆ. ಕೆಲವು ವರ್ಷಗಳ ಹಿಂದೆ ಊರಿನಲ್ಲಿದ್ದ ಅವಳ ದೊಡ್ಡ ಮಗ ನೀರಿಗೆ ಬಿದ್ದು ತೀರಿಕೊಂಡ. ಹತ್ತನೇ ಕ್ಲಾಸಿನ ಹುಡುಗ. ನಾಲ್ಕನೇ ದಿನ ನಾನು ಫೋನ್ ಮಾಡಿದೆ. ಎರಡು ನಿಮಿಷ ಸಮಾಧಾನ ಹೇಳಿದೆ. ಆಮೇಲೆ, ಗೌರಿ ಹಬ್ಬಕ್ಕೆ ಮನೆ ತುಂಬ ನೆಂಟರು ಬರುವವರಿದ್ದರು ನೋಡಿ, ಕೇಳಿಯೇಬಿಟ್ಟೆ: “ಕಧೀಪಾಸೂನ್ ಯೇಣಾರ?” ಯಾವಾಗಿನಿಂದ ಬರ್ತೀ ಅಂತ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ಸೋಮವಾರದಿಂದ ಎಂದಳು.

ಸೋಮವಾರ ಬಂದಳು. ಪಾತ್ರೆ ತೊಳೆದಳು. ಅವತ್ತು ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು. ನೀರು ದಂಡವಾಗುತ್ತಿದೆ ಎಂದು ಕೂಗಲು ಬಾಯಿ ತೆರೆದವಳು ಯಾಕೋ ಸುಮ್ಮನಾದೆ. ಒಳಗೆ ಹೋಗಲಿಲ್ಲ. ಹಾಲಿನಲ್ಲೇ ಕುಳಿತು ಹೂವು ಕಟ್ಟಿದೆ.

ಈ ಭಾಷಣದ ತಯಾರಿ ಮಾಡುವಾಗ ಮೊನ್ನೆ ಅವಳನ್ನು ಕೂರಿಸಿ, ಚಹಾ ಕೊಟ್ಟು, ನನಗೆ ಬಂದ ಮರಾಠಿಯಲ್ಲಿ ಈ ಕಥೆ ಹೇಳಿದೆ. ನಡುವೆಯೇ “ಹೀ ತರ ತಾರಾಮತೀ” ಎಂದಳು. ಮರಾಠಿಯವರಿಗೆ ಚಂದ್ರಮತಿ ತಾರಾಮತಿ. 1913ರಲ್ಲಿ ಫಾಳ್ಕೆಯವರು ಇದೇ ಮುಂಬಯಿಯಲ್ಲಿ ತೆಗೆದ ‘ರಾಜಾ ಹರಿಶ್ಚಂದ್ರ’ದಲ್ಲೂ ಆ ಹೆಸರೇ. ಆ ಪಾತ್ರಕ್ಕೆ ಹೆಂಗಸರು ಸಿಗದೆ ಒಬ್ಬ ಗಂಡಸೇ ಸೀರೆ ಉಟ್ಟಿದ್ದನಂತೆ. ಕಥೆ ನನಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು.

ಅವತ್ತು ಫೋನಿನಲ್ಲಿ ನಾನು ಹಾಗೆ ಕೇಳಬಾರದಿತ್ತು ಎಂದೆ. ಅವಳು ಬಟ್ಟಲನ್ನೇ ನೋಡುತ್ತ, ಆ ತಿಂಗಳ ಸಂಬಳ ತನಗೂ ಬೇಕಿತ್ತು ಎಂದಳು. ಆಮೇಲೆ ಮಗನ ವಿಷಯ ಹೇಳತೊಡಗಿದಳು. ಕಬಡ್ಡಿ ಆಡುತ್ತಿದ್ದನಂತೆ, ಬದನೆಕಾಯಿ ಮುಟ್ಟುತ್ತಿರಲಿಲ್ಲವಂತೆ. ಹೆಸರನ್ನೂ ಹೇಳಿದಳು. ಹನ್ನೊಂದು ವರ್ಷದಲ್ಲಿ ನಾನದನ್ನು ಕೇಳಿರಲೇ ಇಲ್ಲ. ಚಹಾ ಆರಿತ್ತು, ಮತ್ತೆ ಬಿಸಿ ಮಾಡಿಕೊಟ್ಟೆ. ಅವತ್ತು ಪಾತ್ರೆ ಸಿಂಕಿನಲ್ಲೇ ಉಳಿದವು.

ಹತ್ತು ನಿಮಿಷ ದಾಟಿತೆಂದು ಕಾಣುತ್ತದೆ.