ಬೆಳಕು ಪೂರಕವಾಗಿತ್ತು ಅಂದರೆ ಏನ್ರೀ?



ರಂಗಭೂಮಿ ಬಗ್ಗೆ ಎರಡು ಮಾತಾಡು ಅಂತ ಸಂಘದವರು ಕರೆದಿದ್ದಾರೆ. ನಾನು ಬಣ್ಣ ಹಚ್ಚಿದವನಲ್ಲ, ನಾಟಕ ಬರೆದವನೂ ಅಲ್ಲ. ಐಟಿಐ ಮುಗಿಸಿ ವೈರಿಂಗ್ ಕೆಲಸ ಹಿಡಿದವನು. ಆದರೆ ಟಿಕೆಟ್ ತಗೊಂಡು ನಾಟಕ ನೋಡುವ ಚಟ ಚಿಕ್ಕಂದಿನಿಂದಲೂ ಇದೆ. ರಜೆ ಹಾಕುವುದಾದರೆ ಜನವರಿಯಲ್ಲೇ, ಬಾದಾಮಿ ಬನಶಂಕರಿ ಜಾತ್ರೆ ಸಿಗೋ ಹಾಗೆ. ಅಲ್ಲಿ ಹಲವು ಕಂಪನಿಗಳು ಅಕ್ಕಪಕ್ಕದಲ್ಲೇ ಟೆಂಟ್ ಹಾಕಿರುತ್ತವೆ. ವಾಪಸ್ ಬರುವಾಗ ಬೆಂಗಳೂರಿನಲ್ಲಿ ಎರಡು ದಿನ ಉಳಿದು ರಂಗಶಂಕರದಲ್ಲೋ ಕಲಾಕ್ಷೇತ್ರದಲ್ಲೋ ಏನಿದೆಯೋ ಅದನ್ನು ನೋಡುತ್ತೇನೆ. ಹಾಗಾಗಿ ನನ್ನದು ಕುರ್ಚಿಯಲ್ಲಿ ಕೂತವನ ತಕರಾರು.

ನಾಟಕಗಳ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಸಿಟ್ಟಿರೋದು ವಿಮರ್ಶೆಗಳ ಮೇಲೆ. ಪತ್ರಿಕೆಯಲ್ಲಿ ಬರುವ ನಾಟಕ ವಿಮರ್ಶೆ ಓದಿ ನೋಡಿ. ಮುಕ್ಕಾಲು ಭಾಗ ಕಥೆ. ಉಳಿದದ್ದರಲ್ಲಿ ಹೆಸರಿನ ಪಟ್ಟಿ. ಇಂಥವರು ಪಾತ್ರಕ್ಕೆ ಜೀವ ತುಂಬಿದರು, ಸಂಗೀತ ಹಿತವಾಗಿತ್ತು, ಬೆಳಕು ಪೂರಕವಾಗಿತ್ತು. ಪೂರಕ ಅಂದರೆ ಏನ್ರೀ? ನಾನು ಒಂದು ಮನೆಯ ವೈರಿಂಗ್ ಮುಗಿಸಿದಾಗ ಇನ್ಸ್‌ಪೆಕ್ಟರ್ ಬಂದು 'ವೈರಿಂಗ್ ಪೂರಕವಾಗಿದೆ' ಅಂತ ಬರೆದು ಹೋಗಲ್ಲ. ಅರ್ಥಿಂಗ್ ನೋಡ್ತಾನೆ, ಬ್ರೇಕರ್ ಟ್ರಿಪ್ ಆಗುತ್ತಾ ಅಂತ ಒತ್ತಿ ನೋಡ್ತಾನೆ.

ಗಿರೀಶ ಕಾರ್ನಾಡರು 'ತುಘಲಕ್' ಬರೆದದ್ದು 1964ರಲ್ಲಿ. ಅದರ ಕಥೆ ಎಲ್ಲರಿಗೂ ಗೊತ್ತು. ಇವತ್ತು ಒಂದು ಹೊಸ ತಂಡ ಅದನ್ನು ಆಡಿದರೆ ನನಗೆ ಬೇಕಾದದ್ದು ಈ ತುಘಲಕ್ ಹೇಗೆ ನಿಂತ, ಯಾವ ಮಾತನ್ನು ನುಂಗಿದ, ಯಾವಾಗ ಅವನನ್ನು ನೋಡಿ ನನಗೆ ಭಯವಾಯಿತು ಅನ್ನೋದು. ವಿಮರ್ಶಕರು ಅದನ್ನು ಬಿಟ್ಟು ಕಾರ್ನಾಡರ ಬಗ್ಗೆ ಬರೀತಾರೆ. ನಾಟಕ ನೋಡದೆ ಪುಸ್ತಕ ಓದಿಯೂ ಅಷ್ಟನ್ನು ಬರೆಯಬಹುದು.

ಬೆಳಕಿನ ವಿಷಯ ಸ್ವಲ್ಪ ಹೆಚ್ಚು ಹೇಳ್ತೀನಿ, ನನ್ನ ಕಸುಬಿಗೆ ಹತ್ತಿರದ್ದು. ಹಳೇ ಹ್ಯಾಲೊಜೆನ್ ದೀಪವನ್ನು ಡಿಮ್ಮರ್‌ನಲ್ಲಿ ಇಳಿಸುತ್ತಾ ಹೋದರೆ ಬೆಳಕು ಕೆಂಪಗಾಗುತ್ತಾ ಆರುತ್ತದೆ, ಒಲೆಯ ಕೆಂಡದ ಹಾಗೆ. ಅಗ್ಗದ ಎಲ್‌ಇಡಿ ಹಾಗಲ್ಲ. ಕೊನೆಗೆ ಬಂದಾಗ ಟಕ್ ಅಂತ ಆರಿಬಿಡುತ್ತದೆ. ಸಾಯುವ ದೃಶ್ಯ ನಿಧಾನವಾಗಿ ಕತ್ತಲಾಗಬೇಕಾದಾಗ ಹೀಗಾದರೆ ಯಾರೋ ಸ್ವಿಚ್ ಒತ್ತಿದ ಹಾಗೆ ಕಾಣುತ್ತದೆ. ಇನ್ನೊಂದು, ಎಲ್‌ಇಡಿ ಬಂದ ಮೇಲೆ ಬಣ್ಣ ಪುಕ್ಕಟೆ ಆಗಿದೆ. ದುಃಖಕ್ಕೆ ನೀಲಿ, ಸಿಟ್ಟಿಗೆ ಕೆಂಪು. ನಟನ ಮುಖವೇ ಕಾಣಲ್ಲ. ಕೋಲ್ಕತ್ತದ ತಾಪಸ್ ಸೇನ್ 1959ರಲ್ಲಿ 'ಅಂಗಾರ್' ನಾಟಕಕ್ಕೆ ಕಲ್ಲಿದ್ದಲು ಗಣಿಯೊಳಗೆ ನೀರು ನುಗ್ಗೋದನ್ನು ಬರೀ ಬೆಳಕಿನಲ್ಲಿ ತೋರಿಸಿದರು. ಅವತ್ತಿನವರು ಅದನ್ನು ಗಮನಿಸಿ ಬರೆದಿದ್ದಕ್ಕೇ ಇವತ್ತು ನನಗೆ ಗೊತ್ತಾಗಿದೆ. ನಮ್ಮ ಕಡೆ ಬೆಳಕು ಮಾಡುವ ಹುಡುಗನಿಗೆ ಸಿಗೋದು 'ಪೂರಕ' ಅನ್ನುವ ಒಂದು ಪದ. ಅವನು ಮುಂದಿನ ಸಲ ಏನನ್ನು ತಿದ್ದಿಕೊಳ್ಳಬೇಕು?

ರಂಗಾಯಣದ 'ಮಲೆಗಳಲ್ಲಿ ಮದುಮಗಳು' 2010ರಲ್ಲಿ ಮೈಸೂರಿನಲ್ಲಿ ಶುರುವಾಯಿತು. ಪ್ರೇಕ್ಷಕರು ರಾತ್ರಿಯಿಡೀ ಒಂದು ರಂಗದಿಂದ ಇನ್ನೊಂದಕ್ಕೆ ನಡೆದು ನೋಡುವ ನಾಟಕ. ಅದರ ಬಗ್ಗೆ ನನ್ನ ಕಿವಿಗೆ ಬಿದ್ದ ಹೊಗಳಿಕೆಯೆಲ್ಲ 'ಒಂಬತ್ತು ಗಂಟೆ' ಅನ್ನೋದೇ. ಒಂಬತ್ತು ಗಂಟೆ ಅನ್ನೋದು ಗುಣವಲ್ಲ, ಅವಧಿ. ನಿದ್ದೆಗೆಟ್ಟ ಜನ ನಸುಕಿನಲ್ಲೂ ಎದ್ದು ಹೋಗದೆ ಯಾಕೆ ಕೂತರು ಅಂತ ಯಾರಾದರೂ ಬಿಡಿಸಿ ಹೇಳಲಿ.

ಇನ್ನು ಕಂಪನಿ ನಾಟಕ. ಅಲ್ಲಿಗೆ ವಿಮರ್ಶಕರು ಕಾಲಿಡೋದೇ ಅಪರೂಪ. ಎರಡರ್ಥದ ಮಾತು ಅಂತ ದೂರದಿಂದಲೇ ಮೂಗು ಮುರೀತಾರೆ. ನಿಜ, ತಾಯಿ-ತಂಗಿ ಜೊತೆ ಕೂತಾಗ ನನಗೂ ತಲೆ ತಗ್ಗಿಸುವಂತಾಗಿದೆ. ಆದರೆ ಅದೇ ಹಾಸ್ಯನಟ ಸಾವಿರ ಜನರನ್ನು ಒಂದು ಹುಬ್ಬಿನಲ್ಲಿ ನಗಿಸ್ತಾನೆ. ಆ ವಿದ್ಯೆ ಎಂಥದ್ದು, ಅದಕ್ಕೆ ಆ ಹೊಲಸು ಮಾತಿನ ಗರಜು ಇದೆಯಾ ಅಂತ ಕೇಳುವವರು ಬೇಕಲ್ಲ? ಯಾರೂ ಕೇಳದಿದ್ದರಿಂದ ಮಾಲೀಕನಿಗೆ ಸಿಗುವ ವಿಮರ್ಶೆ ಒಂದೇ, ಆ ರಾತ್ರಿಯ ಗಲ್ಲಾ. ಗಲ್ಲಾ ತುಂಬಿದರೆ ಮರುದಿನ ಅದೇ ಮಾತು ಇನ್ನೆರಡು ಸಲ.

ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ ಇದೆಯಲ್ಲ, ಅಲ್ಲಿಯ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನಾಟಕ ನೋಡಿ ಮರುದಿನ ಎಲ್ಲರೂ ಕೂತು ಅದರ ಮೇಲೆ ಮಾತಾಡುತ್ತಾರೆ. ಮೇಷ್ಟ್ರೂ ಮಾತಾಡಬಹುದು, ಬಂದ ಶಿಬಿರಾರ್ಥಿಯೂ ಮಾತಾಡಬಹುದು. ನಮ್ಮ ಹವ್ಯಾಸಿ ನಾಟಕಗಳಿಗೆ ಎಷ್ಟೋ ಸಲ ಒಂದೆರಡೇ ಪ್ರದರ್ಶನ. ಪತ್ರಿಕೆಯಲ್ಲಿ ಬರೋ ಹೊತ್ತಿಗೆ ನಾಟಕ ಮುಗಿದಿರುತ್ತದೆ, ನೋಡುವವನಿಗೆ ಅದರಿಂದ ಉಪಯೋಗವಿಲ್ಲ. ಆಡಿದವರಿಗೆ ಮಾತ್ರ ಉಪಯೋಗ. ಅದಕ್ಕೇ ಇಂಥ ಕೂಟ ನನಗೆ ಹಿಡಿಸಿದ್ದು.

ಈಗ ನಮ್ಮ ಮಾತಿಗೆ ಬರೋಣ. ನಮ್ಮ ಸಂಘವೂ ವರ್ಷಕ್ಕೊಂದು ನಾಟಕ ಆಡುತ್ತದೆ. ಡ್ಯೂಟಿ ಮುಗಿಸಿ, ಬಸ್ ಹಿಡಿದು, ಎರಡು ತಿಂಗಳು ತಾಲೀಮು ಮಾಡಿ ಆಡ್ತಾರೆ. ಮುಗಿದ ಮೇಲೆ ಶಾಲು, ಫೋಟೊ, 'ಸೂಪರ್ ಆಗಿತ್ತು ಅಣ್ಣಾ'. ಒಂದೇ ಕ್ಯಾಂಪಿನಲ್ಲಿ ಇರುವವರು, ನಾಳೆ ಮುಖ ನೋಡಬೇಕು, ಬೇಜಾರು ಯಾಕೆ ಅಂತ ಎಲ್ಲರೂ ಸುಮ್ಮನಾಗ್ತೀವಿ. ಅಷ್ಟು ಕಷ್ಟಪಟ್ಟವರಿಗೆ ನಾವು ನಿಜವಾಗಿ ನೋಡಿದ್ದೀವಿ ಅನ್ನೋದಕ್ಕೆ ಒಂದು ಗುರುತೂ ಕೊಡಲ್ಲ.

ಅದಕ್ಕೆ ಕಾರ್ಯದರ್ಶಿಗಳನ್ನು ಕೇಳಿದ್ದೇನೆ, ಅವರು ಹೂಂ ಅಂದಿದ್ದಾರೆ. ನಾಟಕ ಆದ ಮುಂದಿನ ಶುಕ್ರವಾರ ಸಂಜೆ ಇದೇ ಹಾಲ್‌ನಲ್ಲಿ ಚಹಾ ಇಟ್ಟುಕೊಂಡು ಕೂರೋಣ. 'ಚೆನ್ನಾಗಿತ್ತು' ಅನ್ನುವ ಪದ ಆ ದಿನ ಬಂದ್. ನನ್ನ ಮೊದಲ ಪ್ರಶ್ನೆ ಈಗಲೇ ಹೇಳಿಬಿಡ್ತೀನಿ: ಹೋದ ವರ್ಷ ತಾಯಿ ಪಾತ್ರ ಮಾಡಿದ ಅಕ್ಕ ಕೊನೆಯಲ್ಲಿ ಏನೋ ಹೇಳಿದರು, ಹಿನ್ನೆಲೆ ಸಂಗೀತದ ಗದ್ದಲದಲ್ಲಿ ಹಿಂದಿನ ಸಾಲಿಗೆ ಕೇಳಲಿಲ್ಲ. ಏನು ಹೇಳಿದ್ರಿ ಅಕ್ಕಾ?